ಒಂದನೇ ನಂಬರಿನ ಮನೆಗಳು

ಅತ್ತೆ ಮೂವತ್ತೊಂದು ಮತಗಳಿಂದ ಸೋತಳು. ಸೋಲಿಸಿದವಳು ನಾನು. ಹೀಗೆಂದಾಗಲೆಲ್ಲ ಜನ "ಛೆ, ನಿನ್ನದೇನು ತಪ್ಪು" ಎನ್ನುತ್ತಾರೆ. ಜನ ಎದುರಿಗೆ ಆಡುವ ಇಂಥ ಒಳ್ಳೆಯ ಮಾತನ್ನು ನಂಬಿಯೇ ನಾನು ಕೆಟ್ಟಿದ್ದು.

ನಾನು ಪರದೇಶದಲ್ಲಿ ಆ ನಾಡಿನ ಭಾಷೆ ಕಲಿಯುತ್ತಿರುವವಳು. ಎರಡು ವರ್ಷ ತರಗತಿಯಲ್ಲಿ ಕೂತರೂ ಮಾತು ನಾಲಿಗೆಗೆ ಹತ್ತಲಿಲ್ಲ. "ಚುನಾವಣೆ ಬಂದಿದೆ, ಯಾರ ಪರವಾಗಿಯಾದರೂ ಮನೆಮನೆ ತಿರುಗು" ಎಂದರು ಮೇಷ್ಟ್ರು. ತಿರುಗಿದೆ. ಕೈಯಲ್ಲೊಂದು ರಟ್ಟು, ಅದಕ್ಕೆ ಸಿಕ್ಕಿಸಿದ ಹಾಳೆ, ದಾರ ಕಟ್ಟಿದ ಪೆನ್ಸಿಲು. ಬಾಗಿಲು ತಟ್ಟಿ ಕೇಳಬೇಕು, ಮನೆ ನಂಬರಿನ ಮುಂದೆ ಅಂಕಿ ಬರೆಯಬೇಕು. ಖಂಡಿತ ನಮ್ಮವರಾದರೆ ಒಂದು, ಅನುಮಾನವಾದರೆ ಮೂರು, ಖಂಡಿತ ಅಲ್ಲವಾದರೆ ಐದು. ಒಂದು ಬಿದ್ದ ಮನೆಗೆ ಮತ್ತೆ ಹೋಗುವ ಕೆಲಸವಿಲ್ಲ, ಇರುವ ಸಮಯವೆಲ್ಲ ಮೂರರವರಿಗೆ. ಅಲ್ಲಿಯ ಜನ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿದ್ದರು. "ನಿಮಗಾ? ಸತ್ತರೂ ಇಲ್ಲ" ಎಂದು ಬಾಗಿಲು ಮುಚ್ಚಿದರೆ ಐದು ಬರೆದು ಮುಂದಿನ ಮನೆ. ನಮ್ಮ ಅಭ್ಯರ್ಥಿ ಗೆದ್ದ. ನನ್ನ ಹಾಳೆಗಳು ಎಷ್ಟು ಸರಿಯಾಗಿದ್ದವೆಂದು ಕಚೇರಿಯಲ್ಲಿ ಎಲ್ಲರೂ ಬೆನ್ನು ತಟ್ಟಿದರು. ನನಗೆ ಕೊಂಬು ಬಂತು.

ಆ ಕೊಂಬಿನ ಸಮೇತ ರಜೆಗೆ ಊರಿಗೆ ಬಂದೆ. ಅಪ್ಪನ ತಂಗಿ, ಅಂದರೆ ಅತ್ತೆ, ವಾರ್ಡಿನ ಚುನಾವಣೆಗೆ ನಿಂತಿದ್ದಳು. ನಮ್ಮ ಬೀದಿಯ ಹೆರಿಗೆ ಆಸ್ಪತ್ರೆಯನ್ನು ಊರಾಚೆಗೆ ಸಾಗಿಸುತ್ತೇನೆಂದು ಹಳೆಯ ಸದಸ್ಯ ಹಟ ಹಿಡಿದಿದ್ದ. ಅವನು ಗೆದ್ದರೆ ಆಸ್ಪತ್ರೆ ಹೋಯಿತು, ಅತ್ತೆ ಗೆದ್ದರೆ ಉಳಿಯಿತು, ಅಷ್ಟೇ ಲೆಕ್ಕ. ಅತ್ತೆಯ ಟೈಲರಿಂಗ್ ಅಂಗಡಿಯೇ ಪ್ರಚಾರದ ಕಚೇರಿ. ಅರ್ಧ ಹೊಲಿದ ರವಿಕೆಗಳ ಪಕ್ಕದಲ್ಲಿ ಕರಪತ್ರದ ಕಟ್ಟುಗಳು.

ನಾನು ರಟ್ಟು, ಹಾಳೆ, ಪೆನ್ಸಿಲು ತೆಗೆದೆ. ನನಗೆ ಕೊಟ್ಟಿದ್ದು ನಾಲ್ಕನೇ ಬೀದಿ, ಅರವತ್ತೆರಡು ಮನೆ. ಎಂಥ ಜನ! "ಅಯ್ಯೋ, ಟೈಲರಮ್ಮನ ಅಣ್ಣನ ಮಗಳಾ? ಬಾಮ್ಮ, ಕೂತ್ಕೊ. ನಮ್ಮ ವೋಟು ನಿಮಗಲ್ದೆ ಇನ್ಯಾರಿಗೆ?" ಒಂದು. ಪಕ್ಕದ ಮನೆಯಲ್ಲೂ ಅದೇ ನಗು, ಅದೇ ಮಾತು. ಒಂದು. ಹನ್ನೆರಡನೇ ನಂಬರಿನ ಬೇಕರಿಯವನು ಮಾತ್ರ ಹೊಸಿಲಲ್ಲೇ ನಿಲ್ಲಿಸಿಕೊಂಡು ಕಾಲು ಗಂಟೆ ತರಾಟೆಗೆ ತೆಗೆದುಕೊಂಡ. ಚರಂಡಿ ಯಾಕೆ ಹಾಗಿದೆ, ಆಸ್ಪತ್ರೆ ಉಳಿಸ್ತೀವಿ ಅಂತೀರಲ್ಲ, ನರ್ಸು ಎಲ್ಲಿಂದ ತರ್ತೀರಿ ಎಂದೆಲ್ಲ ಕೇಳಿ ನನ್ನ ಬೆವರಿಳಿಸಿದ. ಅವನಿಗೆ ಐದು ಬರೆದೆ, ಒತ್ತಿ ಬರೆದೆ.

ಹಾಳೆ ನೋಡಿ ಅಂಚೆ ಮಾಮ ಕನ್ನಡಕ ಮೇಲೇರಿಸಿದರು. ನಲವತ್ತು ವರ್ಷ ಇದೇ ಬೀದಿಗಳಲ್ಲಿ ಕಾಗದ ಹಂಚಿ ನಿವೃತ್ತರಾದವರು, ಅತ್ತೆಯ ಬಲಗೈ.

"ಐವತ್ತೇಳು ಮನೆಗೆ ಒಂದಾ? ಪುಟ್ಟಿ, ಬಾಗಿಲಿಗೆ ಬಂದೋರಿಗೆ ಯಾರಾದ್ರೂ ಇಲ್ಲ ಅಂತಾರಾ? ನಕ್ಕೊಂಡು ಹೂಂ ಅಂದೋರನ್ನ ನಂಬಬೇಡ. ನಿನ್ನ ಜೊತೆ ಜಗಳ ಆಡಿದೋರು ಯಾರಿದಾರೋ ಅವರಿಗೆ ಹಾಕು ಒಂದು."

"ಅದೆಲ್ಲ ಹಳೇ ಲೆಕ್ಕ ಮಾಮ. ಇದು ಪದ್ಧತಿ. ಅಲ್ಲಿ ಇದರಲ್ಲೇ ಗೆದ್ದಿದ್ದು."

ಹಿತ್ತಲ ಗಿಡ ಮದ್ದಲ್ಲ. ಅತ್ತೆ ಇಬ್ಬರ ಮುಖವನ್ನೂ ನೋಡಿದಳು. "ಓದಿದ ಹುಡುಗಿ, ಅಷ್ಟು ದೂರ ಹೋಗಿ ಕಲ್ತು ಬಂದಿದಾಳೆ" ಎಂದು ನನ್ನ ಕಡೆಗೇ ವಾಲಿದಳು. ಹೀಗೆ ನಾಲ್ಕನೇ ಬೀದಿಗೆ ಅತ್ತೆ ಕಾಲಿಡಲೇ ಇಲ್ಲ. ಇದ್ದ ಹತ್ತು ದಿನವನ್ನೂ ಉಳಿದ ಬೀದಿಗಳಲ್ಲಿ ಸವೆಸಿದಳು.

ಮತದಾನದ ದಿನ ಬೇಕರಿಯವನು ಬೆಳಗ್ಗೆಯೇ ಅಂಗಡಿ ಮುಚ್ಚಿ, ಮನೆಯ ಏಳು ಜನರನ್ನೂ ಕರೆತಂದು, "ಟೈಲರಮ್ಮನಿಗೇ ಹಾಕಿದೀವಿ, ನರ್ಸು ಮರೀಬೇಡಿ" ಎಂದು ನನ್ನ ಮುಂದೆಯೇ ಗದರಿ ಹೋದ. ನನ್ನ ಐವತ್ತೇಳು ಮನೆಗಳಲ್ಲಿ ಅರ್ಧದಷ್ಟು ಜನ ಮತಗಟ್ಟೆಯ ಕಡೆ ತಲೆ ಹಾಕಲಿಲ್ಲ. ಬಂದವರಲ್ಲೂ ಎಷ್ಟೋ ಮಂದಿ ನನ್ನ ಕಣ್ಣು ತಪ್ಪಿಸಿ ಒಳಗೆ ಹೋದರು.

ಫಲಿತಾಂಶ ಬಂದ ಮರುದಿನ ರೇಗಿಕೊಂಡೇ ಆ ಬೀದಿಗೆ ಹೋದೆ. ಮೊದಲ ಮನೆಯಲ್ಲಿ, ಅಂದು ನನ್ನನ್ನು ಕೂರಿಸಿ ಉಪಚರಿಸಿದ್ದ ತುಂಬು ಬಸುರಿ ಬಾಗಿಲು ತೆರೆದಳು.

"ಖಂಡಿತ ಹಾಕ್ತೀನಿ ಅಂದಿದ್ರಲ್ಲ?"

"ಅಂದಿದ್ದೆ. ಆಮೇಲೆ ನಿಮ್ಮತ್ತೆ ಒಂದು ಸಲಾನೂ ಬರಲಿಲ್ಲ. ಆ ಹಳೇ ಸದಸ್ಯರು ಮೂರು ಸಲ ಬಂದ್ರು. ನಮ್ಮ ವೋಟು ನಿಮಗೆ ಬೇಡವೇನೋ ಅಂದ್ಕೊಂಡ್ವಿ." ಮತ್ತೆ ಅವಳೇ ಕೇಳಿದಳು, "ಆಸ್ಪತ್ರೆ ನಿಜವಾಗ್ಲೂ ಹೋಗುತ್ತಾ?"

ಅವಳ ಮೇಲೆ ಕೋಪ ಬಂತು, ನನ್ನ ಮೇಲೆ ಇನ್ನೂ ಹೆಚ್ಚು ಬಂತು. ಮೂರು ಭಾಷೆ ಬಲ್ಲ ನನಗೆ ನನ್ನ ಊರಿನವರು ಏನು ಹೇಳುತ್ತಿದ್ದಾರೆಂದು ತಿಳಿಯಲಿಲ್ಲ. ಇದಕ್ಕಾಗಿ ಸಮುದ್ರ ದಾಟಬೇಕಿತ್ತೇ?

ಹೊರಡುವ ದಿನ ಅತ್ತೆ ಅಂಗಡಿಯಲ್ಲಿ ಕರಪತ್ರಗಳ ಹಿಂಬದಿಗೆ ಅಳತೆ ಬರೆಯುತ್ತಿದ್ದಳು. ನನ್ನನ್ನು ಒಂದು ಮಾತೂ ಬೈದಿರಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

"ಮುಂದಿನ ಸಲಾನೂ ನಿಲ್ತೀನಿ ಪುಟ್ಟಿ. ನೀನು ಬರ್ತೀಯಾ?"

"ಖಂಡಿತ ಬರ್ತೀನಿ ಅತ್ತೆ," ಎಂದೆ, ನಗುತ್ತಾ. "ನಿನಗಲ್ದೆ ಇನ್ಯಾರಿಗೆ ಮಾಡ್ಲಿ?"

ಅತ್ತೆ ಕರಪತ್ರಗಳನ್ನು ಪಕ್ಕಕ್ಕೆ ಸರಿಸಿದಳು. ಮೂಲೆಯಲ್ಲಿದ್ದ ನನ್ನ ರಟ್ಟನ್ನು ಎತ್ತಿಕೊಂಡು, ಹಾಳೆಯ ಕೊನೆಯಲ್ಲಿ ನನ್ನ ಹೆಸರು ಬರೆದಳು. ಅದರ ಮುಂದೆ ನಿಧಾನವಾಗಿ ಐದು ಬರೆದು, ರಟ್ಟನ್ನು ನನ್ನ ಕೈಗೇ ಕೊಟ್ಟಳು.

ನಾನು ಜಗಳವಾಡಬೇಕಿತ್ತು. ಆಡಲಿಲ್ಲ. ಪೆಟ್ಟಿಗೆ ತೆರೆದು, ಬಟ್ಟೆಗಳ ನಡುವೆ ರಟ್ಟನ್ನು ಇಟ್ಟು, ಮುಚ್ಚಿದೆ.