ಕುಂಚ ಬಾಯಿಗಿಟ್ಟವರು

"ಬಾಯಲ್ಲಿ ಎಂಜಲಿಲ್ವೇನೆ ನಿಂಗೆ? ಬ್ರಷ್ಷಿನ ತುದೀನ ತುಟೀಲಿ ಚೂಪು ಮಾಡ್ಕೊ ಅಂತ ಎಷ್ಟು ಸಲ ಬಡ್ಕೋಬೇಕು ಮುಂಡೇದೆ? ಆ ಚಿಂದಿ ಹಿಡ್ಕೊಂಡು ಮಗು ತಿಕ ಒರೆಸ್ದಂಗೆ ಒರೆಸ್ತಾ ಕುಂತಿದೀಯಲ್ಲ."

ಇಷ್ಟು ಹೇಳಿ ಸುಮ್ಮನಾಗುವ ಪೈಕಿ ಅಲ್ಲ ಮೇಸ್ತ್ರಿ ಡೌಡ್. ಅಗೋತಾಳ ಮೇಜಿನ ಮೇಲಿದ್ದ ಬಟ್ಟೆಯ ಚೂರನ್ನು ಎರಡು ಬೆರಳಲ್ಲಿ ಎತ್ತಿ, ಸತ್ತ ಇಲಿಯನ್ನು ಹಿಡಿದಂತೆ ಹಿಡಿದು, ಸಾಲಿನುದ್ದಕ್ಕೂ ತೋರಿಸಿಕೊಂಡು ಹೋಗಿ ಕಸದ ಡಬ್ಬಕ್ಕೆ ಹಾಕಿದ. ಹೆಂಗಸರು ನಕ್ಕರು. ನಗದಿದ್ದರೆ ಅವನ ಕಣ್ಣು ತಮ್ಮ ಮೇಲೆ ಬೀಳುತ್ತದೆಂದು ಅವರಿಗೆ ಗೊತ್ತಿತ್ತು. ಅಗೋತಾ ಲಂಗದ ಅಂಚಿಗೆ ಕುಂಚದ ತುದಿ ತಿರುವಿ ಚೂಪು ಮಾಡಿಕೊಂಡು ಮತ್ತೆ ಕೆಲಸಕ್ಕೆ ಬಗ್ಗಿದಳು.

ಕಾಮಿಕ್ಸ್ ಪುಸ್ತಕಗಳಿಗೆ ಬಣ್ಣ ಕೂಡಿಸುವ ಕಾರ್ಖಾನೆ ಅದು. ಕನೆಕ್ಟಿಕಟ್‌ನ ಆ ಕಣಿವೆಯಲ್ಲಿ ಗಂಡಸರಿಗೆ ಹಿತ್ತಾಳೆ ಕುಲುಮೆ, ಹೆಂಗಸರಿಗೆ ಇದು. ನ್ಯೂಯಾರ್ಕಿನಲ್ಲಿ ಯಾರೋ ಬರೆದ ಗೆರೆಚಿತ್ರ ಗಾಜಿನಂತೆ ತಿಳಿಯಾದ ಹಾಳೆಗಳ ಮೇಲೆ ಇಳಿದು ಬರುತ್ತಿತ್ತು. ಚಿತ್ರ ಒಂದೇ, ಹಾಳೆ ಮಾತ್ರ ಒಬ್ಬೊಬ್ಬಳಿಗೆ ಒಂದೊಂದು. ಕೆಂಪು ಎಲ್ಲೆಲ್ಲಿ ಬೀಳಬೇಕೋ ಅಲ್ಲಿ ತುಂಬುವುದು ಅಗೋತಾಳ ಪಾಲು. ಹಳದಿ ಇಟಲಿಯವರ ಓಣಿಯ ಫಿಲೊಮೆನಾಳದು, ನೀಲಿ ಕೆನಡಾ ಕಡೆಯಿಂದ ಬಂದ ದೆಲಿಮಾಳದು. ತುಂಬಲು ಕೊಡುತ್ತಿದ್ದದ್ದು ಎಲ್ಲರಿಗೂ ಒಂದೇ ಇಟ್ಟಿಗೆ ಬಣ್ಣದ ರಾಡಿ. ಮೂರು ಹಾಳೆಯ ಗುರುತೂ ಅಚ್ಚಿನಮನೆಯಲ್ಲಿ ಒಂದರ ಮೇಲೊಂದು ಕೂತ ಮೇಲೆಯೇ ಆಕಾಶ ಆಕಾಶವಾಗುವುದು, ರಕ್ತ ರಕ್ತವಾಗುವುದು. ಹಾಗಾಗಿ ತಾನು ಏನು ಮಾಡುತ್ತಿದ್ದೇನೆಂದು ಆ ಸಾಲಿನಲ್ಲಿ ಯಾವಳಿಗೂ ಪೂರ್ತಿ ಕಾಣುತ್ತಿರಲಿಲ್ಲ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಗೋತಾ, ಈ ಬಣ್ಣದಲ್ಲಿ ಏನಿದೆ ಎಂದು ಕೇಳಿದ್ದಳು. "ಏನೂ ಇಲ್ಲ ಕಣೆ, ಕುಡುದ್ರೂ ಸಾಯಲ್ಲ," ಎಂದಿದ್ದ ಡೌಡ್. ಆ ಮಾತು ಕೇಳಿದ ಮೇಲೆ ಅವಳು ಕುಂಚವನ್ನು ತುಟಿಗೆ ಸೋಕಿಸಿಲ್ಲ. ಅವಳ ಅಕ್ಕ ಮಾರ್ಸೆಲೆಗೂ ಹಿಂದೆ ಒಬ್ಬ ಮೇಸ್ತ್ರಿ ಇದೇ ಮಾತು ಹೇಳಿದ್ದ.

ಮಾರ್ಸೆಲೆ ದುಡಿದದ್ದು ಹೊಳೆಯಾಚೆಯ ಬಾರ್ಸ್ಟೋ ಗಡಿಯಾರ ಕಾರ್ಖಾನೆಯಲ್ಲಿ. ಕತ್ತಲಲ್ಲಿ ಹೊಳೆಯುವ ಅಂಕಿಗಳಿಗೆ ರೇಡಿಯಂ ಬಣ್ಣ ಹಚ್ಚುವುದು ಅವಳ ಕೆಲಸ. ಕುಂಚ ತುಟಿಗೆ, ತುಟಿಯಿಂದ ಬಣ್ಣಕ್ಕೆ, ಬಣ್ಣದಿಂದ ಅಂಕಿಗೆ, ಮತ್ತೆ ತುಟಿಗೆ. ಸಂಜೆ ಮನೆಗೆ ಬಂದವಳು ಪುಟ್ಟ ಅಗೋತಾಳ ಕೈ ಹಿಡಿದು ನೆಲಮಾಳಿಗೆಗೆ ಇಳಿಯುತ್ತಿದ್ದಳು. ಹುಳಿ ಹಾಕಿದ ಎಲೆಕೋಸಿನ ಪೀಪಾಯಿಗಳ ನಡುವೆ ನಿಂತು, ಬಾಗಿಲು ಮುಚ್ಚಿ, "ಇಲ್ನೋಡೆ ಪುಟ್ಟಿ," ಎಂದು ನಗುತ್ತಿದ್ದಳು. ಅಕ್ಕ ಕಾಣುತ್ತಿರಲಿಲ್ಲ, ನಗು ಮಾತ್ರ ಕಾಣುತ್ತಿತ್ತು. ತುಟಿ, ಹಲ್ಲು, ಗದ್ದದ ಮಚ್ಚೆಯ ಮೇಲೆ ತಂಗಿಯನ್ನು ನಗಿಸಲೆಂದೇ ಇಟ್ಟುಕೊಂಡ ಒಂದು ಚುಕ್ಕೆ, ಎಲ್ಲ ಎಳೆ ಹಸಿರಾಗಿ ಗಾಳಿಯಲ್ಲಿ ತೇಲುತ್ತಿದ್ದವು. ಅಗೋತಾ ಚಪ್ಪಾಳೆ ತಟ್ಟುತ್ತಿದ್ದಳು.

ಆಮೇಲೆ ಹಲ್ಲು ಉದುರಿದವು. ಅದಾದ ಮೇಲೆ ದವಡೆಯೇ ಚೂರು ಚೂರಾಗಿ ಅವ್ವನ ಕೈಗೆ ಬಂತು. ಕಾರ್ಖಾನೆಯ ಡಾಕ್ಟರು ಬಾಗಿಲಲ್ಲೇ ನಿಂತು ನೋಡಿ, ಇದು ಹಾದರದ ಕಾಯಿಲೆ ಎಂದು ಹೇಳಿ ಕೈ ತೊಳೆದುಕೊಂಡ. ಅಗೋತಾಳ ಮನೆಯವರು ಹೋಗುತ್ತಿದ್ದ ಲಿಥುವೇನಿಯಾದವರ ಚರ್ಚಿನಲ್ಲಿ ಫಾದರ್ ವಾಲೆಂತಾ, ಮೈಮೇಲೆ ಹಿಡಿತವಿಲ್ಲದ ಹುಡುಗಿಯರಿಗೆ ದೇವರು ಇದೇ ಲೋಕದಲ್ಲಿ ಶಿಕ್ಷೆ ಕೊಡುತ್ತಾನೆಂದು ಉಪದೇಶ ಮಾಡಿದರು. ಹೆಸರೆತ್ತಲಿಲ್ಲ, ಎತ್ತುವ ಅಗತ್ಯವೂ ಇರಲಿಲ್ಲ. ಮಾರ್ಸೆಲೆಯನ್ನು ಗೋರಿಗಳ ಸಾಲಿನಿಂದ ಆಚೆ, ಬೇಲಿಯ ಮಗ್ಗುಲಿಗೆ ಹೂತರು. ಅವಳಂತೆಯೇ ಸತ್ತ ಇನ್ನೂ ಕೆಲವು ಹುಡುಗಿಯರು ಅಲ್ಲೇ ಇದ್ದಾರೆ. ಅವ್ವ ಸಾಯುವ ತನಕ ಚರ್ಚಿನ ಕೊನೇ ಬೆಂಚು ಬಿಟ್ಟು ಮುಂದೆ ಬರಲಿಲ್ಲ.

ರೇಡಿಯಂ ಆರುವುದೇ ಇಲ್ಲವಂತೆ ಎಂದು ಯಾರೋ ಒಮ್ಮೆ ಅಗೋತಾಳಿಗೆ ಹೇಳಿದ್ದರು. ಅಂದಮೇಲೆ ಬೇಲಿಯ ಮಗ್ಗುಲಲ್ಲಿ, ಮಣ್ಣಿನಡಿ, ಅಕ್ಕ ಇನ್ನೂ ನಗುತ್ತಿರಬೇಕು. ಇದು ನೆನಪಾದಾಗಲೆಲ್ಲ ಅವಳ ಬಣ್ಣ ಗೆರೆ ದಾಟುತ್ತಿತ್ತು, ಡೌಡ್‌ನಿಂದ ಇನ್ನೊಂದಿಷ್ಟು ಬೈಗುಳ ಬೀಳುತ್ತಿತ್ತು. ದೀಪ ಹಿಡಿಯದೆ ಅವಳು ಇವತ್ತಿಗೂ ನೆಲಮಾಳಿಗೆಗೆ ಇಳಿಯುವುದಿಲ್ಲ.

ಕೊರಿಯಾದ ಯುದ್ಧ ನಿಂತ ವರ್ಷ, ಬೇಸಿಗೆಯ ಕೊನೆಗೆ, ಆ ಪುಟ ಬಂತು. ಅದು ಮಾಮೂಲಿನ ಕಳ್ಳರ, ಪಿಶಾಚಿಗಳ, ಹಾರಾಡುವ ಗಂಡಸರ ಪುಸ್ತಕವಲ್ಲ. ಬಾರ್ಸ್ಟೋ ಗಡಿಯಾರ ಕಾರ್ಖಾನೆಗೆ ನೂರು ವರ್ಷ ತುಂಬಿತೆಂದು ಊರಿನ ಶಾಲೆಮಕ್ಕಳಿಗೆಲ್ಲ ಪುಕ್ಕಟೆ ಹಂಚುವ ಕಾಮಿಕ್ಸು. ಮೊದಲ ಪುಟದಲ್ಲಿ ಮೂಲಪುರುಷ ಬಾರ್ಸ್ಟೋ ಕೊಟ್ಟಿಗೆಯಲ್ಲಿ ಗಡಿಯಾರ ಕಟ್ಟುತ್ತಿದ್ದ, ಕೊನೆಯ ಪುಟದಲ್ಲಿ ಈಗಿನ ಬಾರ್ಸ್ಟೋ ವಿಮಾನದ ಪಕ್ಕದಲ್ಲಿ ನಿಂತಿದ್ದ. ನಡುವಿನ ಒಂದು ದೊಡ್ಡ ಚೌಕದಲ್ಲಿ ಹುಡುಗಿಯರು ಸಾಲಾಗಿ ಕೂತಿದ್ದರು. ಎಲ್ಲರ ಮುಖದಲ್ಲೂ ನಗು, ಎಲ್ಲರ ಕುಂಚದ ತುದಿಯೂ ತುಟಿಯ ಮೇಲೆ. 'ಕತ್ತಲಿಗೆ ಬೆಳಕು ತಂದ ನಮ್ಮ ಸಂತೋಷದ ಹುಡುಗಿಯರು' ಎಂದು ನೆತ್ತಿಯ ಮೇಲೆ ಬರೆದಿತ್ತು.

ನ್ಯೂಯಾರ್ಕಿನ ಚಿತ್ರಗಾರನಿಗೆ ಏನು ಗೊತ್ತು ಪಾಪ. ಕಾರ್ಖಾನೆಯವರೇ ಕಳಿಸಿದ ಹಳೇ ಫೋಟೋ ಮುಂದಿಟ್ಟುಕೊಂಡು, ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದ. ಎಷ್ಟು ನಿಯತ್ತಿನಿಂದ ಬರೆದಿದ್ದನೆಂದರೆ, ಮೂರನೆಯ ಹುಡುಗಿಯ ಗದ್ದದ ಮಚ್ಚೆಯನ್ನೂ ಬಿಟ್ಟಿರಲಿಲ್ಲ.

ಅಗೋತಾ ಆ ಹಾಳೆಯನ್ನು ಬಹಳ ಹೊತ್ತು ಮುಟ್ಟಲಿಲ್ಲ. ತುಟಿಗೆ ಕೆಂಪು, ಕೆನ್ನೆಗೆ ನಸುಗೆಂಪು ತುಂಬಬೇಕೆಂದು ಜೊತೆಗೆ ಬಂದ ಬಣ್ಣದ ಮಾದರಿ ಹೇಳುತ್ತಿತ್ತು. ಅಕ್ಕನ ಬಾಯಿಗೆ ತಾನೇ ಕೆಂಪು ಬಳಿದು, ಇವಳು ಸುಖವಾಗಿದ್ದಳು ಎಂದು ಊರಿಗೆಲ್ಲ ಹಂಚಬೇಕು.

ಮಧ್ಯಾಹ್ನ ಹೊಳೆ ಕಡೆಯ ಮೆಟ್ಟಿಲ ಮೇಲೆ ಮೂವರೂ ರೊಟ್ಟಿ ಬಿಚ್ಚಿ ಕೂತಾಗ ಅವಳು ಇದನ್ನೆಲ್ಲ ಹೇಳಿದಳು. ತಾನು ಆ ಮುಖಗಳಿಗೆ ಕೆಂಪು ಹಾಕುವುದಿಲ್ಲ ಎಂದಳು. ಮುಖ ಖಾಲಿ ಬಿಟ್ಟು, ಬಾಯಿಗೆ, ಆ ಮಚ್ಚೆಗೆ ಮಾತ್ರ ಫಿಲೊಮೆನಾ ತುಂಬು ಹಳದಿ, ದೆಲಿಮಾ ತೆಳು ನೀಲಿ ತುಂಬಬೇಕು. ಅಗ್ಗದ ಕೆಲಸ, ಮಾದರಿ ಪ್ರತಿ ತೆಗೆದು ನೋಡುವ ಖರ್ಚನ್ನು ಯಾರೂ ಮಾಡುವುದಿಲ್ಲ. ಪುಸ್ತಕ ಮಕ್ಕಳ ಕೈಗೆ ಬರುವ ತನಕ ಗೊತ್ತೇ ಆಗುವುದಿಲ್ಲ.

ಫಿಲೊಮೆನಾಳ ಓಣಿಯಲ್ಲೂ ದವಡೆ ಕೊಳೆತು ಸತ್ತವರಿದ್ದರು. ಬಾಯಲ್ಲಿದ್ದ ಮೆಣಸಿನಕಾಯಿ ಪಲ್ಯವನ್ನು ನುಂಗಿ, ಹೂಂ ಎಂದಳು. ದೆಲಿಮಾ ಎದ್ದು ನಿಂತಳು.

"ನನ್ ಗಂಡನ ಎದೇಲಿ ಹಿತ್ತಾಳೆ ಧೂಳು ಕುಂತೈತೆ, ಮನೇಲಿ ಮಕ್ಳವೆ. ಸತ್ತೋರಿಗೆ ಬಣ್ಣ ಬಳಿಯಕ್ಕೋಗಿ ಬದುಕಿರೋರ ಬಾಯಿಗೆ ಮಣ್ಣು ಹಾಕ್ತೀಯೇನೆ?"

"ಬರೀ ಹಳದಿ ಬಿದ್ರೆ ಅಚ್ಚಿನ ತಪ್ಪು ಅಂತಾರೆ ದೆಲಿಮಾ. ನೀಲಿ ಸೇರಿದ್ರೇನೆ ಅದು ಅವಳ ಬಾಯಿ ಆಗೋದು. ನೋಡಿದೋರಿಗೆ ಗೊತ್ತಾಯ್ತದೆ."

"ಏನೂ ಬ್ಯಾಡ. ನಿಮ್ಮಕ್ಕನ ದೆವ್ವನ ತಂದು ನನ್ ಬ್ರಷ್ಷಿಗೆ ಹತ್ತಿಸ್ಬ್ಯಾಡ."

ದೆಲಿಮಾ ಹೊಳೆಗೆ ಉಗಿದು ಒಳಗೆ ಹೋದಳು. ಅವಳ ಕುಂಚ ಯಾವಾಗಲೂ ಬಾಯಲ್ಲೇ. ಸಾಲಿನಲ್ಲಿ ಅವಳಷ್ಟು ಚುರುಕಾಗಿ ಯಾರೂ ಕೆಲಸ ಮಾಡುತ್ತಿರಲಿಲ್ಲ, ಅಗೋತಾಳ ಚಿಂದಿಯನ್ನು ಕಂಡು ಅವಳಷ್ಟು ನಕ್ಕವರೂ ಇರಲಿಲ್ಲ. ಮಧ್ಯಾಹ್ನವೆಲ್ಲ ಅವಳು ಬೆನ್ನು ತಿರುಗಿಸಿಕೊಂಡು ಕೂತು ನೀಲಿಯ ಹಾಳೆ ತುಂಬಿದಳು. ಬೆನ್ನನ್ನು ನೋಡಿ ಹೆಣ್ಣಿನ ಮನಸ್ಸು ಹೇಳುವುದು ಹೇಗೆ?

ಸಂಜೆ ಡೌಡ್ ಅಗೋತಾಳ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಬಣ್ಣ ಗೆರೆ ದಾಟಿದೆಯೇ ಎಂದಷ್ಟೇ ನೋಡಿ ರೂಢಿ ಅವನಿಗೆ, ಖಾಲಿ ಬಿಟ್ಟದ್ದು ಕಣ್ಣಿಗೆ ಹತ್ತಲಿಲ್ಲ. "ಇವತ್ತು ನೆಟ್ಟಗೆ ಮಾಡಿದೀಯ. ಬೈದ್ರೇನೆ ನಿಮ್ಮ ಜಾತಿಗೆ ಬುದ್ಧಿ ಬರೋದು," ಎಂದು ಹಾಳೆಯನ್ನು ಕಟ್ಟಿಗೆ ಸೇರಿಸಿದ. ದೆಲಿಮಾಳ ಹಾಳೆಯನ್ನು ಅವನು ಬಿಚ್ಚಿಯೂ ನೋಡಲಿಲ್ಲ. ಅವಳ ಕೆಲಸದ ಮೇಲೆ ಅವನಿಗೆ ಅಷ್ಟು ನಂಬಿಕೆ.

ಎಲೆ ಕೆಂಪಾಗುವ ಕಾಲಕ್ಕೆ ಚರ್ಚಿನ ಸಭಾಂಗಣದಲ್ಲಿ ಹಬ್ಬ ನಡೆಯಿತು. ಹೊಳೆಯ ಈಚೆ ದಡದವರ ಮಕ್ಕಳಿಗೆಲ್ಲ ಅಲ್ಲೇ ಪುಸ್ತಕ ಹಂಚಿಕೆ. ವೇದಿಕೆಯ ಮೇಲೆ ಬಾರ್ಸ್ಟೋ, ಅವನ ಪಕ್ಕದಲ್ಲಿ ಈಗ ಹಣ್ಣುಹಣ್ಣು ಮುದುಕರಾಗಿದ್ದ ಫಾದರ್ ವಾಲೆಂತಾ. ಈ ಊರಿನ ಹೆಂಗಸರೇ ಬಣ್ಣ ತುಂಬಿದ್ದು ಎಂದು ಮೆರೆಸಲು ಡೌಡ್ ತನ್ನ ಸಾಲನ್ನು ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಕರೆತಂದು ಹಿಂದೆ ಕೂರಿಸಿದ್ದ. ದೆಲಿಮಾ ಅಗೋತಾಳಿಂದ ದೂರ, ಗೋಡೆಯ ಬದಿಗೆ ಕೂತಿದ್ದಳು. ಆವತ್ತಿನಿಂದ ಅವಳು ಮಾತು ಬಿಟ್ಟಿದ್ದಳು.

ಬಾರ್ಸ್ಟೋ ಭಾಷಣ ಮಾಡಿದ. ಕಟ್ಟುಗಳನ್ನು ಕತ್ತರಿಸಿ ಪುಸ್ತಕ ಹಂಚಿದರು. ಮಕ್ಕಳ ಗಲಾಟೆಯಲ್ಲಿ ಒಂದು ಪ್ರತಿ ಕೈಯಿಂದ ಕೈಗೆ ದಾಟಿ ಅಗೋತಾಳ ತೊಡೆಗೆ ಬಂತು. ತೆರೆಯಲು ಅವಳಿಗೆ ಧೈರ್ಯ ಬರಲಿಲ್ಲ. ಬರೀ ಹಳದಿ ಬಿದ್ದಿದ್ದರೆ ಅಕ್ಕ ಎರಡನೇ ಸಲ ಸತ್ತಂತೆ. ಕೆಲಸವೂ ಹೋಗುತ್ತದೆ, ಮಾಡಿದ್ದೂ ನೀರಲ್ಲಿ ಹೋಮ.

ಅಷ್ಟರಲ್ಲಿ ಮುಂದಿನ ಸಾಲಿನಲ್ಲಿ ಮೋರ್ತಾ ಎಂಬ ಮುದುಕಿ ಮೊಮ್ಮಗಳ ಕೈಯಿಂದ ಪುಸ್ತಕ ಕಿತ್ತುಕೊಂಡಳು. ಬೇಲಿಯ ಮಗ್ಗುಲಿಗೆ ಮಲಗಿದ ಹುಡುಗಿಯರಲ್ಲಿ ಅವಳ ಮಗಳೂ ಒಬ್ಬಳು. ಮುದುಕಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಪುಟವನ್ನು ಕಣ್ಣಿನ ಹತ್ತಿರ ಹಿಡಿದು, ದೂರ ಹಿಡಿದು ನೋಡಿ, ಪಕ್ಕದವಳಿಗೆ ಕೊಟ್ಟಳು. ಅವಳು ನೋಡಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿ ಹಿಂದಕ್ಕೆ ಕೊಟ್ಟಳು. ದೊಡ್ಡವರ ಮಾತು ಸಾಲು ಸಾಲಾಗಿ ನಿಲ್ಲುತ್ತ ಬಂತು.

ಅಗೋತಾ ಪುಟ ತೆರೆದಳು.

ಹುಡುಗಿಯರ ಮುಖ ಹೆಣದ ಹಾಗೆ ಬೆಳ್ಳಗಿತ್ತು, ಬಾಯಿ ಮಾತ್ರ ಹಸಿರು. ಗಿಡದ ಹಸಿರಲ್ಲ, ನೆಲಮಾಳಿಗೆಯ ಹಸಿರು. ಮೂರನೆಯವಳ ಗದ್ದದ ಮಚ್ಚೆಯ ಮೇಲೂ ಅಷ್ಟೇ ಹಸಿರಿನ ಒಂದು ಚುಕ್ಕೆ ಇತ್ತು. ಅಕ್ಕ ನಗುತ್ತಿದ್ದಳು.

ವೇದಿಕೆಯ ಮೇಲೆ ಬಾರ್ಸ್ಟೋ ಪುಟ ಮಗುಚಿ ನೋಡಿದ. ಯಾರೂ ಏನೂ ಕೇಳದಿದ್ದರೂ ಎದ್ದು ನಿಂತು, ಇದು ಅಚ್ಚಿನಮನೆಯ ತಪ್ಪು, ಕಾರ್ಖಾನೆಗೂ ಇದಕ್ಕೂ ಸಂಬಂಧವಿಲ್ಲ, ಪುಸ್ತಕಗಳನ್ನೆಲ್ಲ ವಾಪಸು ಕೊಟ್ಟುಬಿಡಿ ಎಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಫಾದರ್ ವಾಲೆಂತಾ ಕೈ ಎತ್ತಿ, ಕೊಡಿ ಮಕ್ಕಳೇ, ಕೊಟ್ಟುಬಿಡಿ ಎಂದರು. ಡೌಡ್ ಖಾಲಿ ಡಬ್ಬ ಹಿಡಿದು ಮೊದಲ ಸಾಲಿಗೆ ಓಡಿದ.

ಅಗೋತಾ ಎದ್ದು ನಿಂತಳು. ಮುಂದಿನ ಬೆಂಚು ಹಿಡಿದುಕೊಂಡಳು.

"ತಪ್ಪು ಬಿದ್ದಿಲ್ಲ ಅದು. ನಾವೇ ಹಾಕಿದ್ದು," ಎಂದಳು. "ಫಾದರ್, ನಿಮ್ಮನ್ನೇ ಕೇಳ್ತೀನಿ. ನಮ್ಮಕ್ಕನ ಬಾಯಿ ಕತ್ತಲಲ್ಲಿ ಹಿಂಗೇ ಹೊಳೀತಿತ್ತು. ಯಾವ ಹಾದರದ ಕಾಯ್ಲೆ ಕತ್ತಲಲ್ಲಿ ಹೊಳೀತದೆ? ಹೇಳ್ಬುಡಿ, ಕುಂತ್ಕೋತೀನಿ."

ಫಾದರ್ ಎತ್ತಿದ ಕೈ ಎತ್ತಿದಂತೆಯೇ ಉಳಿಯಿತು.

"ಕುಂತ್ಕೊಳೇ ಲೌಡಿ," ಎಂದು ಡೌಡ್ ಅರಚಿದ. "ನಾಳೆಯಿಂದ ಮೂರು ಜನಾನೂ ಗೇಟಿನ ಹತ್ರ ಸುಳೀಬ್ಯಾಡಿ."

ಅವಳು ಕೂರಲಿಲ್ಲ. ಡೌಡ್ ಡಬ್ಬ ಹಿಡಿದು ಮೋರ್ತಾಳ ಮುಂದೆ ನಿಂತ. ಮುದುಕಿ ಪುಸ್ತಕವನ್ನು ನಾಲ್ಕು ಮಡಿಕೆ ಮಡಿಸಿ, ರವಿಕೆಯೊಳಗೆ ಸೇರಿಸಿ, ಬಾ ತೆಗೆದುಕೋ ಎನ್ನುವಂತೆ ಅವನನ್ನೇ ನೋಡಿದಳು. ಪಕ್ಕದವಳು ಮಗುವಿನ ಪುಸ್ತಕವನ್ನು ತೊಡೆಯ ಕೆಳಗಿಟ್ಟು ಕೂತಳು. ಡಬ್ಬ ಸಾಲಿನಿಂದ ಸಾಲಿಗೆ ಹೋಯಿತು. ಭಯಬಿದ್ದ ಕೆಲವರು ಹಾಕಿದರು, ಹೆಚ್ಚಿನವರು ಹಾಕಲಿಲ್ಲ. ಬಾರ್ಸ್ಟೋ ಹಿಂದಿನ ಬಾಗಿಲಿಂದ ಕಾರಿಗೆ ಹೋಗಿದ್ದ.

ಫಿಲೊಮೆನಾ ಬಂದು ಅಗೋತಾಳ ಪಕ್ಕ ನಿಂತಳು. ಇಬ್ಬರೂ ಗೋಡೆಯ ಕಡೆ ತಿರುಗಿ ನೋಡಿದರು.

ದೆಲಿಮಾ ಅತ್ತಿತ್ತ ನೋಡುತ್ತಿರಲಿಲ್ಲ. ತೊಡೆಯ ಮೇಲೆ ಪುಸ್ತಕ ತೆರೆದಿತ್ತು. ಅವಳು ಕರವಸ್ತ್ರದಿಂದ ತುಟಿ ಒರೆಸಿಕೊಳ್ಳುತ್ತಿದ್ದಳು. ಒರೆಸಿ, ಬಟ್ಟೆಯನ್ನು ಬಿಚ್ಚಿ ಬೆಳಕಿಗೆ ಹಿಡಿದು ನೋಡಿ, ಮತ್ತೆ ಒರೆಸಿಕೊಳ್ಳುತ್ತಿದ್ದಳು.