ತೂಗುಮಂಚದ ಗಿಳಿ

ನಾನು ಲೋಕನಾಥ ಆಚಾರ್ಯ. ಕುವೈತಿನ ಶುಐಬಾದ ಒಂದು ಕಂಪೆನಿಯಲ್ಲಿ ಹತ್ತೊಂಬತ್ತು ವರ್ಷದಿಂದ ಡಾಕ್ಯುಮೆಂಟ್ ಕಂಟ್ರೋಲರ್. ಬೇರೆಯವರು ಮಾಡಿದ ಡ್ರಾಯಿಂಗ್‌ಗಳ ಮೇಲೆ ಸೀಲು ಒತ್ತಿ ಫೈಲಿಗೆ ಸೇರಿಸುವುದು ನನ್ನ ಕೆಲಸ. ಗಿಳಿಯ ವಿಷಯದಲ್ಲೂ ನಾನು ಮಾಡಿದ್ದು ಅಷ್ಟೇ.

ಅಬ್ಬಾಸಿಯಾದ ನಮ್ಮ ಫ್ಲ್ಯಾಟಿನ ಗೋಡೆಯಲ್ಲಿ ಒಂದು ಫೋಟೋ ಇದೆ. ಊರಿನಲ್ಲಿ ನನ್ನ ಅಪ್ಪನ ಮರಗೆಲಸದ ಶೆಡ್ಡಿನಲ್ಲಿ ತಯಾರಾದ ಸಾಗುವಾನಿ ತೂಗುಮಂಚ, ಅದರ ಒರಗಿನಲ್ಲಿ ಮಾವಿನ ಮಿಡಿ ಕಚ್ಚಿಕೊಂಡ ಗಿಳಿ. ಮಗಳು ದೀಕ್ಷಿತಾ ಆರು ವರ್ಷದವಳಿದ್ದಾಗ ಈ ಗಿಳಿ ಯಾರು ಮಾಡಿದ್ದು ಎಂದು ಕೇಳಿದಳು. ಕೆತ್ತಿದ್ದು ನನ್ನ ತಮ್ಮ ಸುಕುಮಾರ. ಆದರೆ ಅಂದು ಆಫೀಸಿನಲ್ಲಿ ಮ್ಯಾನೇಜರನಿಂದ ಎಲ್ಲರೆದುರು ಮಂಗಳಾರತಿ ಮಾಡಿಸಿಕೊಂಡು ಬಂದಿದ್ದೆ. ಮನೆಯಲ್ಲಾದರೂ ಒಬ್ಬರ ಕಣ್ಣಿಗೆ ದೊಡ್ಡವನಾಗಿ ಕಾಣಬೇಕೆನಿಸಿತು. "ನಾನೇ" ಎಂದುಬಿಟ್ಟೆ. ಸಾಕ್ಷಿಗೆ ಎಡ ಹೆಬ್ಬೆರಳಿನ ಕಲೆಯನ್ನೂ ತೋರಿಸಿದೆ. ಕಲೆ ಮಾತ್ರ ಅಪ್ಪಟ ನಿಜ. ಹದಿನೆಂಟನೇ ವಯಸ್ಸಿನಲ್ಲಿ ಉಳಿ ಜಾರಿ ಆದ ಗಾಯ ಅದು. ಮರುದಿನದಿಂದ ನಾನು ಶೆಡ್ಡಿಗೆ ಕಾಲಿಡಲಿಲ್ಲ, ಟೈಪಿಂಗ್ ಕ್ಲಾಸಿಗೆ ಸೇರಿದೆ.

ಈಗ ಅವಳಿಗೆ ಹದಿನೈದು. ಅಪ್ಪ ದೊಡ್ಡ ಕೆತ್ತನೆಗಾರ ಎಂದು ಶಾಲೆಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಾಳೆ. ಈ ಕುವೈತಿನಲ್ಲಿ ನನ್ನನ್ನು ಹೆಮ್ಮೆಯಿಂದ ನೋಡುವವರು ಯಾರಾದರೂ ಇದ್ದರೆ ಅವಳೊಬ್ಬಳೇ. ಅದನ್ನು ಕಳೆದುಕೊಳ್ಳುವ ಧೈರ್ಯ ನನಗಿರಲಿಲ್ಲ.

ಹೋದ ತಿಂಗಳು ಅವಳು ಫೋನು ಹಿಡಿದುಕೊಂಡು ಓಡಿ ಬಂದಳು. ಕುವೈತ್ ಸಿಟಿಯಲ್ಲಿ ಜಪಾನಿನ ನಿಕ್ಕೋ ಎಂಬ ಊರಿನ ಮರದ ಕೆತ್ತನೆ ಕಲಿಸುತ್ತಾರಂತೆ, ಶುಕ್ರವಾರ ಒಂದೇ ದಿನ.

"ಪಪ್ಪಾ, ಇಬ್ಬರ ಹೆಸರೂ ಕೊಟ್ಟಾಯ್ತು. ಯು ಕ್ಯಾನ್ ಶೋ ದೆಮ್!"

"ಶುಕ್ರವಾರ ಡ್ಯೂಟಿ ಇದ್ದರೂ ಇರಬಹುದು ಮಗಾ."

ಒಗ್ಗರಣೆ ಹಾಕುತ್ತಿದ್ದ ಹೆಂಡತಿ ಆಶಾಲತಾಳಿಗೆ ಗಿಳಿಯ ಕತೆ ಪೂರ್ತಿ ಗೊತ್ತು. "ಶುಕ್ರವಾರ ರಜೆಯ ದಿನ ಎಂತ ಡ್ಯೂಟಿ ನಿಮಗೆ? ಹೋಗಿ ಮಾರಾಯ್ರೆ. ನಿಮ್ಮ ಕೈಚಳಕ ಜಪಾನಿನವರೂ ಸ್ವಲ್ಪ ನೋಡಲಿ" ಎಂದಳು. ಇವಳು ನನ್ನ ಮೇಲೆ ಜೋರು ಮಾಡುವುದಿಲ್ಲ. ಹೀಗೆ ಬೆಂಬಲ ಕೊಟ್ಟೇ ಮುಗಿಸುತ್ತಾಳೆ.

ಅಲ್ಲಿ ಇಪ್ಪತ್ತು ಜನರಿದ್ದರು. ಒಬ್ಬೊಬ್ಬರ ಮುಂದೆ ಒಂದು ಸಣ್ಣ ಮರದ ತಟ್ಟೆ, ಅದರ ಮೇಲೆ ಪೆನ್ಸಿಲಿನಲ್ಲಿ ಬರೆದ ಎಲೆ. ಕಲಿಸಲು ಬಂದವರು ನೊಗುಚಿ ಎಂಬ ಎಪ್ಪತ್ತರ ಹಿರಿಯರು. ಅವರ ಮಾತನ್ನು ಹನಾನ್ ಎಂಬ ಕುವೈತಿ ಹುಡುಗಿ ಇಂಗ್ಲಿಷಿಗೆ ತಿರುಗಿಸುತ್ತಿದ್ದಳು. ನನ್ನ ಮಗಳು ಕುಳಿತವಳೇ ಎದ್ದು ನಿಂತು, ನನ್ನ ತಂದೆ ಭಾರತದ ಕೆತ್ತನೆಯ ಮನೆತನದವರು ಎಂದು ಘೋಷಿಸಿದಳು. ನೊಗುಚಿಯವರು ಸೊಂಟ ಬಾಗಿಸಿ ನಮಸ್ಕರಿಸಿದರು. ನಾನು ಅವರಿಗಿಂತ ಒಂದು ಗೇಣು ಹೆಚ್ಚೇ ಬಾಗಿದೆ.

ನಮ್ಮಲ್ಲಿ ಉಳಿಯನ್ನು ಮುಂದಕ್ಕೆ ತಳ್ಳುವುದು, ಮರದ ಸುತ್ತಿಗೆಯಲ್ಲಿ ಬಡಿಯುವುದು. ಇವರ ಹಿಕ್ಕಾಕಿ ಎಂಬ ಚಾಕುವಿನ ತುದಿ ಬಾಗಿರುತ್ತದೆ, ಅದನ್ನು ನಮ್ಮ ಕಡೆಗೆ ಎಳೆಯಬೇಕು. ಹನಾನ್ ಇದನ್ನು ಹೇಳಿ ಮುಗಿಸುವವರೆಗೆ ಕಾದಿದ್ದರೆ ಆಗುತ್ತಿತ್ತು. ಮನೆತನದವನು ಕಾಯುವುದುಂಟೇ? ಮಗಳು ನೋಡುತ್ತಿದ್ದಾಳೆಂದು ಚಾಕು ಹಿಡಿದು ಮುಂದಕ್ಕೆ ತಳ್ಳಿದೆ. ಅದು ಸರ್ರನೆ ಜಾರಿ ಎಲೆಯನ್ನು ದಾಟಿ ತಟ್ಟೆಯ ಅಂಚಿನವರೆಗೆ ಗೀರಿತು. ಎಲ್ಲರೂ ಕತ್ತು ಚಾಚಿ ನನ್ನ ತಟ್ಟೆ ನೋಡಿದರು. ಖಲಾಸ್, ಒಂಬತ್ತು ವರ್ಷದ ಮರ್ಯಾದೆ ಇಲ್ಲಿಗೆ ಮುಗಿಯಿತು ಎಂದುಕೊಂಡೆ.

ನೊಗುಚಿಯವರು ಬಂದು ಗೀರನ್ನು ಬೆರಳಿನಿಂದ ಸವರಿ ಏನೋ ಹೇಳಿದರು. ಹನಾನ್ ನಗುತ್ತಾ ತಿಳಿಸಿದಳು: ಹಿಂದೆ ಉಳಿ ಹಿಡಿದವರಿಗೇ ಇದು ಹೆಚ್ಚು ಕಷ್ಟವಂತೆ. ಅವರ ಕೈ ತಳ್ಳುವುದನ್ನು ಮರೆಯುವುದಿಲ್ಲವಂತೆ. ಈ ತಪ್ಪು ನೋಡಿದರೇ ನೀವು ನಿಜವಾದ ಕೆತ್ತನೆಗಾರರೆಂದು ಗೊತ್ತಾಗುತ್ತದಂತೆ.

ಎಲ್ಲರೂ ತಲೆದೂಗಿದರು. ನನಗೆ ಹೋದ ಜೀವ ಬಂದಂತಾಯಿತು. ಆಮೇಲೆ ಯಾವ ಅಂಜಿಕೆಯೂ ಇಲ್ಲದೆ ಉಳಿದ ತಟ್ಟೆಯನ್ನೂ ಹಾಳು ಮಾಡಿದೆ. ಒಂದೊಂದು ಗೀರಿಗೂ ನನ್ನ ಗೌರವ ಏರುತ್ತಾ ಹೋಯಿತು.

ದೀಕ್ಷಿತಾ ಮಾತ್ರ ತಲೆ ಎತ್ತಲಿಲ್ಲ. ಮರದ ಎಳೆ ನೋಡಿಕೊಂಡು, ಉಸಿರು ಬಿಗಿಹಿಡಿದು ಎಳೆದಳು. ಅವಳ ಎಲೆ ತಟ್ಟೆಯಿಂದ ಎದ್ದು ಬರುವ ಹಾಗಿತ್ತು. ನೊಗುಚಿಯವರು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ, ಯಾರು ಕಲಿಸಿದ್ದು ಎಂದು ಕೇಳಿದರು. ಅವಳು ನನ್ನತ್ತ ಬೆರಳು ಮಾಡಿದಳು. ನಾನು ಹೌದೆಂದು ತಲೆಯಾಡಿಸಿದೆ. ಗಿಳಿಯ ಸುಳ್ಳಿಗಿಂತ ಆ ತಲೆಯಾಡಿಸಿದ್ದಕ್ಕೆ ನನಗೆ ಹೆಚ್ಚು ನಾಚಿಕೆಯಾಗುತ್ತದೆ.

ಸಂಜೆ ಅವಳು ಊರಿಗೆ ವೀಡಿಯೋ ಕಾಲ್ ಮಾಡಿದಳು. ನನ್ನ ಅಪ್ಪ ಶೆಡ್ಡಿನಲ್ಲಿದ್ದರು, ಹಿಂದೆ ಸುಕುಮಾರನ ಮೆಷಿನ್ ಗುಂಯ್ಗುಡುತ್ತಿತ್ತು. ಮೊದಲು ಅವಳ ತಟ್ಟೆ ತೋರಿಸಿದಳು. ಅಪ್ಪ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ "ಭಾರಿ ಚಂದ ಉಂಟು ಪುಳ್ಳಿ" ಎಂದು ಮೊಮ್ಮಗಳನ್ನು ಹೊಗಳಿದರು. ಆಮೇಲೆ ನನ್ನದನ್ನು ಹಿಡಿದಳು.

"ಇದು ನಿನ್ನ ಅಪ್ಪಂದು. ಹೇಳುವುದೇ ಬೇಡ. ಮೂವತ್ತು ವರ್ಷದ ಹಿಂದೆ ಎಲ್ಲಿ ಬಿಟ್ಟಿದ್ದನೋ, ಸರಿಯಾಗಿ ಅಲ್ಲಿಂದಲೇ ಶುರು ಮಾಡಿದ್ದಾನೆ."

"ಪಪ್ಪಾ, ಅಜ್ಜನಿಗೆ ನಿಮ್ಮ ಸ್ಟೈಲ್ ಗೊತ್ತು!" ಎಂದು ಅವಳು ಕುಣಿದಳು. "ಅಜ್ಜ, ಆ ಗಿಳಿ ಮಾಡುವಾಗ ಪಪ್ಪನಿಗೆ ಎಷ್ಟು ವರ್ಷ?"

ಮೆಷಿನ್ ನಿಂತಿತು. ಅಡುಗೆಮನೆಯಲ್ಲಿ ಆಶಾಲತಾಳ ಸೌಟೂ ನಿಂತಿತು. ಅಪ್ಪ ಹಿಂದೆ ತಿರುಗಿ ಸುಕುಮಾರನನ್ನು ನೋಡಿ ಮತ್ತೆ ಪರದೆಯತ್ತ ಬಂದರು.

"ವರ್ಷ ಎಲ್ಲ ಯಾರಿಗೆ ನೆನಪುಂಟು? ರಜೆಗೆ ಬಾ. ಹಲಸಿನ ಹಲಗೆ ತೆಗೆದಿಡ್ತೇನೆ. ಗಿಳಿ ಕೆತ್ತುವುದನ್ನು ಅಪ್ಪನೇ ತೋರಿಸಿಕೊಡಲಿ. ನಾನೂ ಸುಕುಮಾರನೂ ಪಕ್ಕದಲ್ಲಿ ಕೂತು ನೋಡ್ತೇವೆ."

ಊಟ ಸೇರಲಿಲ್ಲ. ತಾರಸಿಗೆ ಹೋಗಿ ಸುಕುಮಾರನಿಗೆ ಫೋನು ಮಾಡಿದೆ. "ಸುಕು, ನಿನ್ನ ಗಿಳಿಯನ್ನು ನನ್ನದು ಅಂತ ಮಗಳಿಗೆ ಹೇಳಿಬಿಟ್ಟಿದ್ದೇನೆ" ಎಂದೆ.

"ಗೊತ್ತುಂಟು ಅಣ್ಣ. ಒಂಬತ್ತು ವರ್ಷ ಆಯ್ತು. ಅವಳು ಆಗಲೇ ಫೋನಿನಲ್ಲಿ ಹೇಳಿದ್ದಳು."

"ಮತ್ತೆ ನೀವು ಯಾರೂ ಎಂತ ಹೇಳಲಿಲ್ಲ ಯಾಕೆ?"

"ನೀನು ಇನ್ನೂ ಶೆಡ್ಡಿನವ ಅಂತ ಒಬ್ಬರ ಹತ್ತಿರ ಆದರೂ ಹೇಳ್ತಾ ಇದ್ದಿಯಲ್ಲ. ಅಪ್ಪನಿಗೆ ಅಷ್ಟು ಸಾಕಿತ್ತು."

ಅವನೇ ಮುಂದುವರಿಸಿದ.

"ಒಂದು ಉಳಿ ತಗೊಂಡು ಅಲ್ಲಿಯೇ ಕಲಿಯಲಿಕ್ಕೆ ಶುರು ಮಾಡು. ಮೊದಲು ಬಾಲ, ಅದು ಸುಲಭ. ಮತ್ತೆ ಅಣ್ಣ, ಹೆಬ್ಬೆರಳು ಉಳಿಯ ಹಿಂದೆ ಇರಲಿ."