ಜ್ವರ ತಂದವಳು

“ಸತ್ತಿಲ್ಲ ತಾನೆ? ಎರಡು ಕಾಲ ಮೇಲೆ ನಿಂತಿದೀಯ ತಾನೆ? ಮತ್ತೇನು ರೋಗ ನಿಂಗೆ? ಮೈಗಳ್ಳ ಮುಂಡೇವು.”

ವೃದ್ಧಾಶ್ರಮದ ಮ್ಯಾನೇಜರ್ ತಲೆಯೆತ್ತದೆ ಬೈಯುತ್ತಿದ್ದ. ಆಯಾ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಕಣ್ಣು ಉರಿಯುತ್ತಿತ್ತು, ಬೆನ್ನಿನಲ್ಲಿ ಚಳಿ ಹರಿದಾಡುತ್ತಿತ್ತು.

“ಜ್ವರ ಜಾಸ್ತಿ ಇದೆ ಸಾರ್. ವಯಸ್ಸಾದೋರ ಹತ್ರ ಹೋಗ್ಬಾರ್ದು ಅಂತ...”

“ಯಾರು, ನಿಮ್ಮಪ್ಪ ಡಾಕ್ಟ್ರು ಹೇಳಿದ್ನ? ಹೋಗು, ಮನೆಗೆ ಹೋಗು. ನಾನೇನು ಕಟ್ಟಿ ಹಾಕಿದೀನಾ? ನಿನ್ನ ನಾದಿನಿ ಇದಾಳಲ್ಲ, ಮಹಡೀನೆಲ್ಲ ಅವಳೊಬ್ಳೇ ನೋಡ್ಕೋತಾಳೆ.”

ಎಲ್ಲಿ ಚುಚ್ಚಬೇಕೆಂದು ಅವನಿಗೆ ಗೊತ್ತಿತ್ತು. ನಾದಿನಿ ಬಸುರಿ. ಹೋದ ತಿಂಗಳು ಆಯಾ ಹೊಟ್ಟೆನೋವೆಂದು ಮನೆಯಲ್ಲಿ ಉಳಿದಾಗ ಅವಳೊಬ್ಬಳೇ ಅಷ್ಟೂ ಜನರನ್ನು ಎತ್ತಿ, ಮಗ್ಗುಲು ಬದಲಿಸಿ, ಹೇಲು ಉಚ್ಚೆ ಬಳಿದು, ಸೊಂಟ ಹಿಡಿದುಕೊಂಡು ಮನೆಗೆ ಬಂದು ಬಿದ್ದಿದ್ದಳು. ಬಟ್ಟೆಯಲ್ಲಿ ರಕ್ತವಿತ್ತು. ಹೊಟ್ಟೆಯಲ್ಲಿದ್ದ ಮಗು ಹೇಗೋ ಉಳಿಯಿತು. ನಾದಿನಿ ಬೈಯಲಿಲ್ಲ. ಬೈದಿದ್ದರೆ ಆಯಾಳಿಗೆ ಎಷ್ಟೋ ಹಗುರವಾಗುತ್ತಿತ್ತು.

ಅವಳು ಮಾತ್ರೆ ನುಂಗಿ, ಬಾಯಿಗೆ ಬಟ್ಟೆ ಕಟ್ಟಿಕೊಂಡು ಮಹಡಿ ಹತ್ತಿದಳು.

ಕಿಟಕಿ ಪಕ್ಕದ ಹಾಸಿಗೆ ಟೀಚರಮ್ಮನದು. ಮುದುಕಿಗೆ ಕಿವಿ ಪೂರ್ತಿ ಹೋಗಿತ್ತು. ಎದುರಿನವರ ತುಟಿ ನೋಡಿಯೇ ಮಾತು ತಿಳಿಯುತ್ತಿದ್ದಳು. ಹಾಲಲ್ಲಿ ನೆನೆಸಿದ ಬ್ರೆಡ್ಡು ಮುಂದೆ ಹಿಡಿದರೆ ಬಾಯಿ ಬಿಗಿದಳು.

“ಮುಖ ತೋರ್ಸು ಮೊದ್ಲು. ಕಳ್ಳಿ ಥರ ಕಟ್ಕೊಂಡಿದೀಯ. ಯಾರಂತ ತಿನ್ಲಿ?”

ಎಷ್ಟು ಕೈಸನ್ನೆ ಮಾಡಿದರೂ ಕೇಳಲಿಲ್ಲ. ತಟ್ಟೆ ಇನ್ನೂ ಎಷ್ಟೋ ಹಾಸಿಗೆಗಳಿಗೆ ಹೋಗಬೇಕಿತ್ತು. ಆಯಾ ಬಟ್ಟೆ ಕೆಳಗೆಳೆದಳು. ಉಣ್ಣಿಸುತ್ತಿದ್ದಂತೆ ಕೆಮ್ಮು ಒತ್ತರಿಸಿ ಬಂತು, ಮುಖವನ್ನು ಹೆಗಲಿಗೆ ಹೊರಳಿಸಿದಳು. ಟೀಚರಮ್ಮ ಅವಳ ಹಣೆ ಮುಟ್ಟಿದಳು.

“ಸುಡ್ತಿದೆಯಲ್ಲೇ. ಯಾಕ್ ಬಂದೆ?”

“ನಿಮ್ಮನ್ನ ನೋಡ್ದೆ ಇರಕ್ಕಾಗಲ್ವಲ್ಲ, ಅದಕ್ಕೆ.”

ಮುದುಕಿ ಬೊಚ್ಚುಬಾಯಿ ತೆರೆದು ನಕ್ಕಳು. ಆ ಸುಳ್ಳನ್ನು ನಂಬಿದ್ದಳು.

ಆಯಾಳ ಜ್ವರ ಇಳಿಯಿತು. ಟೀಚರಮ್ಮನಿಗೆ ಏರಿತು. ಒಂದು ವಾರವೂ ತಾಳಲಿಲ್ಲ.

ಟೀಚರಮ್ಮನ ಮಗ ಬಂದಾಗ ಆಯಾ ಹೆಣದ ಮೈ ಒರೆಸುತ್ತಿದ್ದಳು. ಮ್ಯಾನೇಜರ್ ಕೈಮುಗಿದುಕೊಂಡು ಹೇಳುತ್ತಿದ್ದ:

“ವಯಸ್ಸಾಗಿತ್ತು ಸಾರ್. ನಮ್ಮ ಕಡೆಯಿಂದ ಏನೂ ಕಮ್ಮಿ ಮಾಡ್ಲಿಲ್ಲ. ದೀಪ ಆರಿದ ಹಾಗೆ ಹೋಗ್ಬಿಟ್ರು.”

“ಹಂಗಲ್ಲ,” ಎಂದಳು ಆಯಾ. “ಜ್ವರ ನಾನು ತಂದಿದ್ದು. ಜ್ವರ ಇದೆ ಅಂತ ಇವ್ರಿಗೆ ಹೇಳಿದ್ದೆ. ಇವ್ರು ಒಳಗೆ ಕಳ್ಸಿದ್ರು. ನಾನೇ ಉಣ್ಣಿಸ್ದೆ.”

ಮಗ ಅವಳನ್ನೇ ನೋಡಿದ. “ಗೊತ್ತಿದ್ದೂ ಬಂದ್ಯಾ?”

“ಬಂದೆ.”

“ಮನೇಲಿರ್ಬೇಕಿತ್ತಲ್ವಾ?”

“ಇರ್ಬೇಕಿತ್ತು.”

ನಾದಿನಿಯ ರಕ್ತದ ಮಾತು ನಾಲಿಗೆಯ ತುದಿಗೆ ಬಂತು. ಹೆಣದ ಮುಂದೆ ನಿಂತು ಕಾರಣ ಹೇಳಲು ಅವಳಿಗೆ ಮನಸ್ಸು ಬರಲಿಲ್ಲ.

“ಬಾಯ್ಮುಚ್ಚೆ ಬೋಳಿ,” ಮ್ಯಾನೇಜರ್ ಹಲ್ಲು ಕಚ್ಚಿದ. “ಇಳಿ ಕೆಳಗೆ. ಇನ್ನು ಈ ಕಡೆ ತಲೆ ಹಾಕ್ಬೇಡ.” ಬಾಗಿಲಲ್ಲಿ ಹಾಲಿನ ಲೋಟಗಳ ಟ್ರೇ ಹಿಡಿದು ನಾದಿನಿ ನಿಂತಿದ್ದಳು. ಕಣ್ಣು ಕೆಂಪಗಿತ್ತು, ಕೆಮ್ಮಿಗೆ ಲೋಟಗಳು ಅಲುಗುತ್ತಿದ್ದವು. “ನೀನೇನ್ ನೋಡ್ತಿದೀಯ? ಹೋಗು, ಎಲ್ರಿಗೂ ಕುಡಿಸು.”

ಆಯಾ ನಾದಿನಿಯ ಕುತ್ತಿಗೆ ಮುಟ್ಟಿದಳು. ಕಾದ ಹೆಂಚಿನಂತಿತ್ತು. ಟ್ರೇ ಕಿತ್ತುಕೊಂಡು ಮ್ಯಾನೇಜರನ ಬೂಟಿನ ಮುಂದೆ ನೆಲಕ್ಕಿಟ್ಟಳು.

“ನೀನೇ ಕುಡಿಸೋ.”

ನಾದಿನಿಯನ್ನು ಕೈಹಿಡಿದು ಮೆಟ್ಟಿಲಿಗೆ ಕರೆತಂದಳು.

“ಅತ್ತಿಗೆ, ಮೂಲೆ ಅಜ್ಜ ಬೆಳಿಗ್ಗೆಯಿಂದ ಒದ್ದೆ ಬಟ್ಟೇಲಿದಾರೆ.”

“ಗೊತ್ತು. ನಡಿ.”

ಮೇಲೆ ಯಾರೋ ಕರೆಯತೊಡಗಿದರು. ಆಮೇಲೆ ಇನ್ನೊಬ್ಬರು. ನಾದಿನಿಯ ಕಾಲು ನಿಂತಿತು. ಆಯಾಳದೂ ನಿಂತಿತು. ಅವಳು ಆ ಬಿಸಿ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದು, ತಿರುಗಿ ನೋಡದೆ, ಒಂದೊಂದೇ ಮೆಟ್ಟಿಲು ಇಳಿಸತೊಡಗಿದಳು.